ಸಾವಿರ ಗಜ

ಚಿಂತಾಮಣಿಯಲ್ಲಿ ಹುಣಸೆ ಮಂಡಿಯ ಎದುರು ನನ್ನ ಅಂಗಡಿ.
ಒಂದು ಮಿಷನ್ನು, ಒಂದು ಇಸ್ತ್ರಿ,
ಕೊರಳಿಗೆ ಸದಾ ಅರವತ್ತು ಇಂಚಿನ ಟೇಪು.
ಅಲ್ಲಿಯವರೆಗೆ ಹೊಲಿದದ್ದೆಲ್ಲ ಮೈ ಇದ್ದವರಿಗೆ.

ಶಿವರಾತ್ರಿ ಕಳೆದ ಮೇಲಿನ ಗಾಳಿಗೆ ಹರಿದದ್ದನ್ನು
ಹೆಗಲಿಗೆ ಹಾಕಿಕೊಂಡು ಬಂದ
ವಿಮಾನ ಕಲಿಸುವ ಮೈದಾನದ ಕಾವಲುಗಾರ ಮುನಿಯಲ್ಲಪ್ಪ:
"ಜೈಬೂನಕ್ಕಾ, ಇಂಥದ್ದೇ ಇನ್ನೊಂದು ಬೇಕಂತೆ."
ಬಿಡಿಸಿ ನೋಡಿದೆ. ಕೆಂಪು ಬಿಳಿ ಪಟ್ಟೆ,
ಒಂದು ಬಾಯಿ ಅಗಲ, ಒಂದು ಕಿರಿದು,
ಅಂಗಿಯೇ ಇಲ್ಲದ ಒಂದು ತೋಳು.
"ಯಾರಿಗಪ್ಪಾ ಇದು?"
"ಗಾಳಿಗೆ."

ಕಂಬದ ಬಳೆಯ ಅಳತೆಗೆ ನಾನೇ ಹೋದೆ.
ಯಾವ ಊರಿಗೂ ಹೋಗದ ಒಂದು ಕರಿ ರಸ್ತೆ,
ಈ ತುದಿಗೆ ಟೊಮೆಟೊ ತೋಟದ ಬೇಲಿ, ಆ ತುದಿಗೆ ನೀಲಗಿರಿ ತೋಪು.
"ಮೂರು ಸಾವಿರ ಅಡಿ" ಎಂದರು ಕ್ಯಾಪ್ಟನ್ ದೇಚಮ್ಮ.
ಮನಸ್ಸಿನಲ್ಲೇ ಮೂರರಿಂದ ಭಾಗಿಸಿದೆ:
ಸಾವಿರ ಗಜ. ನಲವತ್ತು ಗಜದ ಥಾನು ಇಪ್ಪತ್ತೈದು.
ಇಬ್ಬರು ಕೂರುವ ಈ ಡಬ್ಬಿಗೆ
ಇಷ್ಟೊಂದು ಬಟ್ಟೆಯಾ?

"ಬೆಳಿಗ್ಗೆ ಆರಕ್ಕೆ ಅರ್ಧ ಸಾಕು.
ಈಗ ಎರಡು ಗಂಟೆ. ಈಗ ರಸ್ತೆ ಕುಗ್ಗಿದೆ."

ಟಾರಿನ ಕಡೆ ನೋಡಿದೆ. ಇದ್ದಲ್ಲೇ ಇತ್ತು.

"ಬಿಸಿಲೇರಿದರೆ ಗಾಳಿ ಸಡಿಲ,
ರೆಕ್ಕೆಯ ಹಿಡಿತಕ್ಕೆ ಸಿಗುವುದಿಲ್ಲ, ಓಡಬೇಕು, ಇನ್ನೂ ಓಡಬೇಕು.
ಸಾಲದ್ದಕ್ಕೆ ನಿಮ್ಮ ಊರೇ ಸಮುದ್ರದಿಂದ
ಎರಡು ಸಾವಿರದ ಎಂಟುನೂರು ಅಡಿ ಮೇಲೆ."
ನಾನು ಬಸ್ಸಿನ ಟಾಪು ಕೂಡ ಹತ್ತಿದವಳಲ್ಲ.
ಇಷ್ಟು ಎತ್ತರದಲ್ಲಿ ಕೂತು
ಕಾಜಾ ಹಾಕುತ್ತಿದ್ದೆನೇ, ಇಷ್ಟು ವರ್ಷ?

"ಮಳೆ ಬಂದರೆ?"
"ಇಳಿಯುವಾಗ ಬ್ರೇಕು ಜಾರುತ್ತದೆ. ಆಗಲೂ ಕುಗ್ಗುತ್ತದೆ."
ಅದೊಂದು ನನಗೆ ಗೊತ್ತು.
ನೆನೆಸದೆ ಕತ್ತರಿಸಿದ ಪಾಪ್ಲಿನ್ ಅಂಗಿ
ಮೊದಲ ಒಗೆತಕ್ಕೇ
ಅಪ್ಪನ ಮೈಯಿಂದ ಮಗನ ಮೈಗೆ ಇಳಿದದ್ದು ನೋಡಿದ್ದೇನೆ.

ಶಿಡ್ಲಘಟ್ಟದ ಹುಡುಗ ಲೋಹಿತ,
ಒಬ್ಬನೇ ಒಂದೂವರೆ ಸೀಟು ತುಂಬುವವನು,
ಅವತ್ತು ಅವನ ಪಾಠ.
ಪುಸ್ತಕ ತೆಗೆದು ಲೆಕ್ಕ ಹಾಕಿದರು.
ಬ್ಯಾಗು ಇಳಿಸಿದರು, ಪೆಟ್ರೋಲು ಇಳಿಸಿದರು,
ಎದುರುಗಾಳಿ ಇದ್ದರೆ ಆಗುತ್ತದೆ ಎಂದರು.
ಕಂಬದಲ್ಲಿ ಮುನಿಯಲ್ಲಪ್ಪನ ಚೌಕುಳಿ ಟವೆಲ್ಲು ಅದೇ ಹೇಳುತ್ತಿತ್ತು.

ಅರ್ಧ ದಾರಿಯಲ್ಲೊಂದು ಬಿಳಿ ಗುರುತು.
ಅಲ್ಲಿ ತಲುಪುವಷ್ಟರಲ್ಲಿ
ಬೇಕಾದ ವೇಗದಲ್ಲಿ ಹತ್ತಕ್ಕೆ ಏಳು ಪಾಲು ಕೂಡದಿದ್ದರೆ
ನಿಲ್ಲಿಸಬೇಕು. ಅವರಿಗದು ನಿಯಮ.
ನನಗೆ, ಕತ್ತರಿ ಬಾಯಿ ತೆರೆದು
ಇನ್ನೂ ಮುಚ್ಚಿರದ ಆ ಗಳಿಗೆ.

ಓಡಿತು. ಟವೆಲ್ಲು ಒಮ್ಮೆ ಸುಮ್ಮನಾಯಿತು.
ಆಮೇಲೆ ಇತ್ತ ತಿರುಗಿತು, ನೀಲಗಿರಿಯ ಕಡೆಗೆ,
ವಿಮಾನದ ಬೆನ್ನು ತಳ್ಳುವ ಹಾಗೆ.
ತಳ್ಳಿದರೆ ಒಳ್ಳೆಯದೇ ಅಲ್ಲವೇ ಎಂದುಕೊಂಡೆ, ನಾನು ಪೆದ್ದಿ.
ಬಿಳಿ ಗುರುತಿನ ಹತ್ತಿರ ಸದ್ದು ಮುರಿಯಿತು.
ಮೂಗು ಬಗ್ಗಿತು, ಟೈರು ಕಿರುಗುಟ್ಟಿತು,
ನಿಂತಿತು.

ಬೇಲಿಯಾಚೆ ಟೊಮೆಟೊ ಬಿಡಿಸುತ್ತಿದ್ದ ಹೆಂಗಸರು
"ಎಗರಲೇ ಇಲ್ಲವಲ್ಲೇ!" ಅಂತ ನಕ್ಕರು.
ಲೋಹಿತನ ಮುಖ ಅವರ ಕ್ರೇಟಿನಲ್ಲಿದ್ದ ಹಣ್ಣಿನ ಬಣ್ಣ.
ದೇಚಮ್ಮ ಹೆಡ್‌ಫೋನು ತೆಗೆದು, "ಟೀ ಇದೆಯಾ?" ಎಂದರು, ಅಷ್ಟೇ.

ಮುಂದೆ ಇನ್ನೂರೈವತ್ತು ಗಜ
ಯಾರೂ ತುಳಿಯದೆ ಬಿಸಿಲಿಗೆ ಮಿರುಗುತ್ತಾ ಉಳಿದಿತ್ತು.
ಸ್ಕೂಲಿನ ಚಡ್ಡಿಗಳ ಒಳಗೆ, ಬರುವ ವರ್ಷಕ್ಕೆ ಎಂದು,
ನಾನು ಎರಡಿಂಚು ಮಡಿಸಿಡುತ್ತೇನೆ.
ಆ ಎರಡಿಂಚಿಗೆ ಯಾರೂ ದುಡ್ಡು ಕೊಡುವುದಿಲ್ಲ.
ಬಟ್ಟೆ ಉಳಿಸಿಕೊಂಡೆ ಅಂತ ಜಗಳಕ್ಕೇ ಬರುತ್ತಾರೆ ಕೆಲವರು.

ರಾತ್ರಿ ಡಬಲ್ ಹೊಲಿಗೆ ಹಾಕಿ ಮುಗಿಸಿದೆ.
ಊದಿ ನೋಡಿದೆ, ನನ್ನ ಉಸಿರು ಎಲ್ಲಿಗೆ ಸಾಕು.
ರಸೀದಿ ಬರೆದೆ.
ಗಿರಾಕಿ: ಗಾಳಿ.
ಬಾಯಿ: ಹದಿನೆಂಟಿಂಚು.
ತೋಳುದ್ದ: ಎಂಟಡಿ.
ಎದೆ, ಸೊಂಟ: (ಖಾಲಿ ಬಿಟ್ಟೆ)
ತೊಟ್ಟು ನೋಡುವುದು: ನಾಳೆ ಬೆಳಿಗ್ಗೆ ಆರಕ್ಕೆ, ತಂಪಿದ್ದಾಗ.